ಭಾಗ್ಯನಗರದ ನೇಕಾರರ ಮನೆ: ಒಂದು ಕಲ್ಲಿನ ಗೋಡೆ, ಆರು ಅಡಿ ದಾರಿ

ಕೊಪ್ಪಳಕ್ಕೆ ಅಂಟಿಕೊಂಡೇ ಇರುವ ಭಾಗ್ಯನಗರದಲ್ಲಿ ನೇಕಾರರ ಹಳೇ ಮನೆಗಳು ಬಹಳ ಇವೆ. ಅವುಗಳಲ್ಲಿ ಒಂದಕ್ಕೆ ನಾನು ಪ್ಲಾನ್ ಹಾಕಿ ರಿಪೇರಿ ಮಾಡಿಸಿದ ಕಥೆ ಇದು. ಜಾಗದ ಅಗಲ 20 ಅಡಿ, ಉದ್ದ 55 ಅಡಿ. ಎರಡೂ ಪಕ್ಕ ನೆರೆಯವರ ಗೋಡೆ, ಹಾಗಾಗಿ ಪಕ್ಕದಲ್ಲಿ ಒಂದು ಕಿಟಕಿಯೂ ಇಲ್ಲ. ಬೀದಿ ಇರೋದು ಉತ್ತರಕ್ಕೆ. ಮುಂದೆ ಕಟ್ಟೆ, ಒಳಗೆ ಕಾಲಿಟ್ಟರೆ ಮಗ್ಗದ ಕೋಣೆ, ಅದರ ಹಿಂದೆ ಪಡಸಾಲೆ, ಆಮೇಲೆ ದೇವರ ಕೋಣೆ, ಸಾಮಾನು ಇಡುವ ಒಂದು ಸಣ್ಣ ಕೋಣೆ, ಅಡುಗೆಮನೆ, ಕೊನೆಗೆ ಹಿತ್ತಲು. ಬಚ್ಚಲು, ಪಾಯಿಖಾನೆ ಎರಡೂ ಹಿತ್ತಲಲ್ಲೇ, ಮೂರು ಮೆಟ್ಟಿಲು ಇಳಿದು ಹೋಗಬೇಕು.

ಮಗ್ಗದ ಕೋಣೆಗೆ ಆರ್‌ಸಿಸಿ ಸ್ಲ್ಯಾಬ್ ಇತ್ತು, ತೊಂಬತ್ತರ ದಶಕದಲ್ಲಿ ಹಾಕಿದ್ದು. ಪಡಸಾಲೆ ಮಾತ್ರ ಹಳೇ ಮಾಳಿಗೆ. ದಪ್ಪ ಮರದ ತೊಲೆ, ಅದರ ಮೇಲೆ ಅಡ್ಡಕ್ಕೆ ಸಣ್ಣ ಮರದ ಜಂತಿ, ಮೇಲೆ ಮಣ್ಣಿನ ಮೇಲ್ಮುದ್ದೆ. ಇವೆರಡರ ನಡುವೆ ಒಂದೂವರೆ ಅಡಿ ದಪ್ಪದ ಕಲ್ಲಿನ ಗೋಡೆ, ಅದರಲ್ಲಿ ತಲೆ ಬಗ್ಗಿಸಿ ದಾಟಬೇಕಾದ ಒಂದು ಬಾಗಿಲು. ಪಡಸಾಲೆಯಲ್ಲಿ ಮಧ್ಯಾಹ್ನ 12ಕ್ಕೂ ಟ್ಯೂಬ್‌ಲೈಟ್ ಉರಿಯಬೇಕಿತ್ತು.

ಮನೆಯಲ್ಲಿ ನಾಲ್ಕು ತಲೆಮಾರು. ಎಪ್ಪತ್ತೈದು ದಾಟಿದ ಅಜ್ಜಿ. ಅವರ ಮಗ ಈಗಲೂ ನೇಯುತ್ತಾರೆ, ಹೆಂಡತಿ ಕಂಡಿಕೆ, ಅಂದರೆ ಲಾಳಿಗೆ ಹಾಕುವ ನೂಲು, ಸುತ್ತಿಕೊಡುತ್ತಾರೆ. ಈ ನೇಯುವ ದಂಪತಿಯ ಮಗ, ಸೊಸೆ, ಸ್ಕೂಲಿಗೆ ಹೋಗುವ ಒಬ್ಬ ಮೊಮ್ಮಗ. ನನ್ನ ಹತ್ತಿರ ಬಂದಿದ್ದು ಮೊಮ್ಮಗನ ಅಪ್ಪ, ಕೈಯಲ್ಲಿ ಫೋನು, ಫೋನಿನಲ್ಲಿ ಯಾವುದೋ ದೊಡ್ಡ ಊರಿನ ಮನೆಯ ವಿಡಿಯೋ. “ನಡುವಿನ ಗೋಡೆ ತೆಗೆದುಬಿಡಿ ಸರ್. ಎರಡೂ ಕೋಣೆ ಸೇರಿಸಿ ಒಂದು ಹಾಲ್ ಮಾಡೋಣ, ಅಡುಗೆಮನೆ ಓಪನ್ ಮಾಡೋಣ, ಮೇಲೆ ಪಿಒಪಿ ಸೀಲಿಂಗ್ ಹಾಕೋಣ.” ಎಂಟು ಲಕ್ಷದ ಮೇಲೆ ಒಂದು ರೂಪಾಯಿ ಆಗಲ್ಲ ಅಂತಾನೂ ಮೊದಲೇ ಹೇಳಿದರು. ಹಾಗೆ ಹೇಳೋದು ಒಳ್ಳೇದೇ. ಬಜೆಟ್ ಮುಚ್ಚಿಟ್ಟುಕೊಂಡು ಕೂತರೆ ಪ್ಲಾನ್ ಹಾಕೋನು ಸುಮ್ನೆ ಗಾಳಿಯಲ್ಲಿ ಗೆರೆ ಎಳೀತಾನೆ.

ನಾನು ಟೇಪು ಹಿಡಿಯೋಕೆ ಮುಂಚೆ ಮನೆಯವರನ್ನ ಒಬ್ಬೊಬ್ಬರನ್ನೇ ಕೂರಿಸಿ ಕೇಳಿದ್ದು ಒಂದೇ ಮಾತು. ಬೆಳಗ್ಗೆ ಎದ್ದಾಗಿಂದ ಮಲಗೋವರೆಗೆ ಎಲ್ಲಿಂದ ಎಲ್ಲಿಗೆ ಓಡಾಡ್ತೀರಿ, ಎಲ್ಲಿ ಸಿಟ್ಟು ಬರುತ್ತೆ? ಗಂಡಸರು ಹಾಲ್, ಟಿವಿ, ಸೋಫಾ ಅಂದರು. ಅಜ್ಜಿ ಹೇಳಿದ್ದು ಬೇರೆ: “ಯಪ್ಪಾ, ರಾತ್ರಿ ಮೂರು ಸಲ ಏಳಬೇಕಾಕ್ಕೇತಿ. ಆ ಮೂರು ಮೆಟ್ಲ ಇಳಿಯಾಕ ಜೀವ ಬಾಯಿಗಿ ಬರ್ತೈತಿ.” ಸೊಸೆ ಹೇಳಿದ್ದು, ನಳದ ನೀರು ಬಂದ ದಿನ ಮುಂದಿನ ಕಟ್ಟೆಯಿಂದ ಅಡುಗೆಮನೆಗೆ ಕೊಡ ಹೊತ್ತುಕೊಂಡು ಮಗ್ಗ ಸುತ್ತಿ, ಆ ಗಿಡ್ಡ ಬಾಗಿಲು ದಾಟಿ ಹೋಗೋದು. ನೇಯುವ ಯಜಮಾನರದ್ದು ಒಂದೇ ಷರತ್ತು: “ಗ್ವಾಡಿ ಬೇಕಾದ್ರ ತಗೀರಿ ಸರ, ಮಗ್ಗ ಮಾತ್ರ ಕಿಟಕಿ ಬಿಟ್ಟು ಸರಿಸಬ್ಯಾಡ್ರಿ.”

ಉತ್ತರದ ಬೆಳಕು ನೇಯುವವರಿಗೆ ಬೇಕೇ ಬೇಕು. ವರ್ಷದ ಹೆಚ್ಚಿನ ದಿನ ಬಿಸಿಲು ನೇರ ಬೀಳಲ್ಲ, ಎಳೆ ಸರಿಯಾಗಿ ಕಾಣುತ್ತೆ. ಇನ್ನು ಇದು ಕುಣಿಮಗ್ಗ, ಅಂದರೆ ನೆಲದಲ್ಲಿ ಕುಣಿ ತೋಡಿ ಕಾಲು ಅದರೊಳಗೆ ಇಳಿಬಿಟ್ಟು ನೇಯೋದು. ಕುಣಿಯೊಳಗಿನ ತಂಪು, ತೇವಕ್ಕೆ ನೂಲು ಒಣಗಿ ಪಟಪಟ ಹರಿಯೋದು ಕಡಿಮೆ. ಹಾಗಾಗಿ ಮಗ್ಗವನ್ನು ಒಂದು ಮೂಲೆಗೆ ಎಳೆದುಬಿಡೋಣ ಅನ್ನೋ ಮಾತೇ ಇಲ್ಲ. ಆ ಕೋಣೆಯಲ್ಲಿ ಮೊದಲು ಎರಡು ಮಗ್ಗ ಇದ್ದವು. ಹಿಂದಿನ ಗೋಡೆ ಪಕ್ಕದ ಮಗ್ಗ ಯಾವಾಗಲೋ ಹೋಗಿತ್ತು, ಅದರ ಕುಣಿಗೆ ಕಸಕಡ್ಡಿ, ಇಟ್ಟಂಗಿ ಚೂರು ತುಂಬಿ ಮೇಲೆ ಶಹಾಬಾದ್ ಕಲ್ಲು ಹಾಸಿದ್ದರು. ಈ ಕುಣಿ ಮುಂದೆ ಕೆಲಸಕ್ಕೆ ಬರುತ್ತೆ, ನೆನಪಿಟ್ಟುಕೊಳ್ಳಿ.

ಭಾರ ಹೊರೋ ಗೋಡೆ ಯಾವುದು

ಮನೆ ಒಡೆಯೋ ಮುಂಚೆ ಜನ ಗೋಡೆ ತಟ್ಟಿ ನೋಡ್ತಾರೆ. ತಟ್ಟಿದರೆ ಏನೂ ಗೊತ್ತಾಗಲ್ಲ. ತಲೆ ಎತ್ತಿ ಮಾಳಿಗೆ ನೋಡಬೇಕು. ಜಂತಿಗಳಾಗಲಿ ತೊಲೆಗಳಾಗಲಿ ಯಾವ ಗೋಡೆ ಮೇಲೆ ತಲೆ ಇಟ್ಟಿವೆಯೋ ಆ ಗೋಡೆ ಭಾರ ಹೊತ್ತಿದೆ. ಜಂತಿ ಗೋಡೆಗೆ ಸಮಾನಾಂತರವಾಗಿ ಓಡಿದ್ದರೆ, ತೊಲೆಯೂ ಅದರ ಮೇಲೆ ಇಲ್ಲದಿದ್ದರೆ, ಗೋಡೆ ನಾಲ್ಕೂವರೆ ಇಂಚಿನದಾಗಿದ್ದರೆ, ಬಹುಶಃ ಅದು ಬರೀ ಅಡ್ಡಗೋಡೆ. ಬಹುಶಃ ಅಂತ ಯಾಕೆ ಅಂದೆ ಅಂದರೆ, ಹಳೇ ಮನೆಗಳಲ್ಲಿ ತೊಲೆ ಜೋತುಬಿದ್ದು ವರ್ಷಗಳಾದ ಮೇಲೆ ಅಡ್ಡಗೋಡೆಯ ಮೇಲೂ ಕೂತುಬಿಟ್ಟಿರುತ್ತೆ. ಒಂದು ಕಡೆ ಗಿಲಾವು ಕೆರೆದು ನೋಡಿದರೆ ಗೊತ್ತಾಗುತ್ತೆ.

ನಮ್ಮ ಗೋಡೆ ಎರಡೂ ಕಡೆಯಿಂದ ಸಿಕ್ಕಿಹಾಕಿಕೊಂಡಿತ್ತು. ಮುಂದಿನಿಂದ ಸ್ಲ್ಯಾಬಿನ ಅಂಚು, ಹಿಂದಿನಿಂದ ಪಡಸಾಲೆಯ ಜಂತಿಗಳು, ಎಲ್ಲ ಅದರ ಮೇಲೇ.

ಮಗನಿಗೆ ಲೆಕ್ಕ ಕೂರಿಸಿ ತೋರಿಸಿದೆ, ಪಡಸಾಲೆಯ ಮಾಳಿಗೆ ತೆಗೆದು ಅಲ್ಲಿಗೂ ಸ್ವಲ್ಪ ಎತ್ತರದಲ್ಲಿ ಸ್ಲ್ಯಾಬ್ ಬರುತ್ತೆ ಅಂತ ಇಟ್ಟುಕೊಂಡು. 5 ಇಂಚಿನ ಸ್ಲ್ಯಾಬ್ ಒಂದು ಚದರ ಅಡಿಗೆ ಸುಮಾರು 30 ಕೆಜಿ ತೂಗುತ್ತೆ. ಮೇಲಿನ ಗಾರೆ, ಟೈಲ್ಸು ಒಂದು 15 ಕೆಜಿ. ಮೇಲೆ ಓಡಾಡುವ ಜನ, ಸಾಮಾನು ಅಂತ ಇನ್ನೊಂದು 15. ಒಟ್ಟು 60. ಮಗ್ಗದ ಕೋಣೆ 14 ಅಡಿ, ಪಡಸಾಲೆ 12 ಅಡಿ. ಎರಡರ ಅರ್ಧರ್ಧ ಭಾರ ಈ ಗೋಡೆಗೆ, ಅಂದರೆ 13 ಅಡಿ ಅಗಲದ್ದು. ಮೇಲೆ ಬರುವ ಸಣ್ಣ ಗೋಡೆಯನ್ನೂ ಸೇರಿಸಿದರೆ ಗೋಡೆಯ ಒಂದೊಂದು ಅಡಿ ಉದ್ದಕ್ಕೆ ಸುಮಾರು 900 ಕೆಜಿ. ಒಳಗಿನ ಅಗಲ 17 ಅಡಿ. ಪೂರ್ತಿ ಕೆಡವಿದರೆ 15 ಟನ್ ಭಾರವನ್ನು ಒಂದು ಬೀಮು ಹೊತ್ತು ಎರಡು ತುದಿಗೆ ಏಳೂವರೆ ಏಳೂವರೆ ಟನ್ ಇಳಿಸಬೇಕು. ಆ ತುದಿಗಳು ಇರೋದೆಲ್ಲಿ? ನೆರೆಯವರ ಗೋಡೆಗೆ ಒತ್ತಿಕೊಂಡ, ಮಣ್ಣಿನಲ್ಲಿ ಕಟ್ಟಿದ ಹಳೇ ಕಲ್ಲುಗೋಡೆಯಲ್ಲಿ. ಅಲ್ಲಿ ಕಾಲಂ ಎಬ್ಬಿಸಬೇಕು, ಕಾಲಮ್ಮಿಗೆ ಪಾಯ ತೋಡಬೇಕು, ತೋಡುವಾಗ ಪಕ್ಕದ ಮನೆ ಪಾಯ ಅಲುಗಬಾರದು. ಬರೀ ಇಷ್ಟಕ್ಕೇ ಬಜೆಟ್‌ನ ದೊಡ್ಡ ಪಾಲು ಹೋಗ್ತಿತ್ತು.

ಬದಲಿಗೆ 6 ಅಡಿ ಅಗಲ, 7 ಅಡಿ ಎತ್ತರದ ಒಂದು ದಾರಿ ತೆಗೆದರೆ? ಬೀಮಿನ ಮೇಲೆ ಐದೂವರೆ ಟನ್ನಿನಷ್ಟು, ಒಂದೊಂದು ತುದಿಗೆ ಮೂರು ಟನ್ನಿಗೂ ಕಡಿಮೆ. ಅದನ್ನು ಗೋಡೆಯೊಳಗೇ ಕಟ್ಟಿದ ಕಂಬ ಹೊರುತ್ತೆ. ನೆರೆಯವರ ಗೋಡೆ ಮುಟ್ಟೋದೇ ಬೇಡ.

ಮಗನಿಗೆ ಮೊದಲು ಇದು ಒಪ್ಪಿಗೆ ಆಗಲಿಲ್ಲ. ಆರಡಿ ಅಂದರೆ ಏನು ಸರ್, ದೊಡ್ಡ ಬಾಗಿಲು ಅಷ್ಟೇ ಅಲ್ವಾ ಅಂದರು. ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ತೋರಿಸಿದೆ. ದಾರಿಯನ್ನು ಗೋಡೆಯ ನಟ್ಟನಡುವೆ ಇಡಲಿಲ್ಲ, ಹಿಂದಿನ ಬಾಗಿಲಿಗೆ ನೇರ ಬರೋ ಹಾಗೆ ಪಶ್ಚಿಮಕ್ಕೆ ಸರಿಸಿದೆ. ಆ ಕಡೆ ಮೂರಡಿ ಗೋಡೆ ಉಳಿಸಿದೆ, ಯಾಕಂದರೆ ದಾರಿಯನ್ನು ಮೂಲೆಗೇ ಒತ್ತಿದರೆ ಬೀಮಿನ ತುದಿಗೆ ಕೂರೋಕೆ ಜಾಗ ಇರಲ್ಲ. ಹೀಗೆ ಮಾಡಿದರೆ ಬೀದಿ ಬಾಗಿಲಲ್ಲಿ ನಿಂತವರಿಗೆ ಹಿತ್ತಲಿನ ತನಕ ಕಾಣುತ್ತೆ, ಗಾಳಿಗೂ ನೇರ ದಾರಿ. ಇನ್ನೊಂದು ಬದಿಯಲ್ಲಿ ಎಂಟಡಿ ಗೋಡೆ ಹಾಗೇ ಉಳಿಯುತ್ತೆ. ಅದರ ಎರಡು ಗೂಡುಗಳೂ ಉಳಿಯುತ್ತವೆ, ಮಗ್ಗಕ್ಕೆ ಬೆನ್ನಿಗೆ ಒಂದು ತಂಪು ಗೋಡೆಯೂ ಇರುತ್ತೆ. ಈ ಮಾತು ಕೇಳಿ ಒಪ್ಪಿದ್ದು ಮಗ ಅಲ್ಲ, ಯಜಮಾನರು. ಟಿವಿ ಮುಂದೆ ಕೂತವರ ಗಲಾಟೆ ಮಗ್ಗಕ್ಕೆ ಬರಲ್ಲ ಅನ್ನೋದು ಅವರಿಗೆ ಹಿಡಿಸಿತು.

ಮಾಳಿಗೆ ಕೆಳಗಿಳಿಸಿದ್ದು

ಮಾಳಿಗೆ ತೆಗೀಬೇಕು ಅಂತ ನಾನು ಸುಮ್ನೆ ಹೇಳಲಿಲ್ಲ. ಮಣ್ಣಿನ ಮಾಳಿಗೆ ಕೆಟ್ಟದ್ದಲ್ಲ. ಕೊಪ್ಪಳದ ಮೇ ತಿಂಗಳಲ್ಲಿ ಅದರಷ್ಟು ತಂಪು ಬೇರೆ ಯಾವುದೂ ಕೊಡಲ್ಲ. ಆದರೆ ಇಲ್ಲಿ ತೊಲೆಗಳಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿದರೆ ಗೋಡೆಯೊಳಗೆ ಹೋದ ತುದಿಗಳು ಗೆದ್ದಲು ತಿಂದು ಟೊಳ್ಳಾಗಿದ್ದವು. ಸೋರುತ್ತೆ ಅಂತ ಮಳೆಗಾಲಕ್ಕೆ ಮುಂಚೆ ಮತ್ತೊಂದಿಷ್ಟು ಸವಳು ಮಣ್ಣು ಹಾಕುತ್ತಾ ಬಂದು ದಪ್ಪ 9 ಇಂಚು ಮುಟ್ಟಿತ್ತು. 9 ಇಂಚು ಮಣ್ಣು ಅಂದರೆ ಒಣಗಿದ್ದಾಗಲೇ ಚದರ ಅಡಿಗೆ ಸುಮಾರು 36 ಕೆಜಿ, ಪಡಸಾಲೆ ಪೂರ್ತಿಗೆ ಏಳು ಟನ್ ದಾಟುತ್ತೆ. ನೆನೆದರೆ ಇನ್ನೂ ಜಾಸ್ತಿ. ಟೊಳ್ಳು ತೊಲೆಯ ಕೆಳಗೆ ಮಗು ಮಲಗಿಸೋದು ಬೇಡ ಅಂದೆ, ಅಷ್ಟಕ್ಕೇ ಎಲ್ಲರೂ ಸುಮ್ಮನಾದರು.

ತೆಗೆದ ಮೇಲೆ ಹೊಸ ಸ್ಲ್ಯಾಬನ್ನು ಹಳೇ ಎತ್ತರಕ್ಕೇ ಹಾಕಿದ್ದರೆ ಪಡಸಾಲೆ ಮೊದಲಿನಷ್ಟೇ ಕತ್ತಲೆ, ಮೊದಲಿಗಿಂತ ಬಿಸಿ. ಅದಕ್ಕೆ ಹೊಸ ಸ್ಲ್ಯಾಬನ್ನು ಮಗ್ಗದ ಕೋಣೆಯ ಸ್ಲ್ಯಾಬಿಗಿಂತ ಎರಡೂವರೆ ಅಡಿ ಮೇಲೆ ಎತ್ತಿದೆವು. ಆ ಅಂತರದಲ್ಲಿ, ಮುಂದಿನ ತಾರಸಿಯ ಮೇಲೆ, ಬೀದಿ ಕಡೆಗೆ ಮುಖ ಮಾಡಿ 18 ಇಂಚು ಎತ್ತರದ ಬೆಳಕಿಂಡಿಗಳ ಸಾಲು. ಪಕ್ಕದಲ್ಲಿ ಕಿಟಕಿ ಇಡೋಕೆ ಜಾಗ ಇಲ್ಲದ ಮನೆಗೆ ಬೆಳಕು ಬರೋ ದಾರಿ ಮೇಲಿಂದ ಮಾತ್ರ. ಬಿಸಿ ಗಾಳಿ ಮೇಲೇರುತ್ತೆ, ಅಲ್ಲೇ ಹೊರಗೆ ಹೋಗುತ್ತೆ, ಹಿತ್ತಲ ಬಾಗಿಲಿಂದ ತಂಪು ಗಾಳಿ ಒಳಗೆ ಬರುತ್ತೆ. ಬೆಳಕಿಂಡಿಯ ಕೆಳಗಿನ ಅಂಚನ್ನು ತಾರಸಿಯಿಂದ 9 ಇಂಚು ಮೇಲೆ ಇಟ್ಟೆವು. ಇಲ್ಲದಿದ್ದರೆ ಜೋರು ಮಳೆಯಲ್ಲಿ ತಾರಸಿ ನೀರು ಸೀದಾ ಟಿವಿ ಮೇಲೆ.

ಬೆಳಕಿಂಡಿಗಳ ಮೇಲೆ ಸಜ್ಜಾ ಬೇಕು ಅಂದೆ. ಉತ್ತರ ದಿಕ್ಕು, ಬಿಸಿಲೇ ಬರಲ್ಲ, ಸಜ್ಜಾ ಯಾಕೆ ಅಂತ ಗೌಂಡಿ ಕೇಳಿದ. ಬೆಂಗಳೂರು, ಕೊಪ್ಪಳ ಎಲ್ಲ ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ದಕ್ಷಿಣಕ್ಕೆ ಇರೋ ಊರುಗಳು. ಕೊಪ್ಪಳ ಇರೋದು ಸುಮಾರು 15 ಡಿಗ್ರಿ ಅಕ್ಷಾಂಶದಲ್ಲಿ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದ ತನಕ ಇಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಸುಡೋ ತಿಂಗಳಲ್ಲೇ ಉತ್ತರದಿಂದ ಬಿಸಿಲು. ಒಂದೂವರೆ ಅಡಿ ಸಜ್ಜಾ ಸಾಕು, ಆದರೆ ಬೇಕು.

ಸ್ಲ್ಯಾಬ್ ಮೇಲೆ ಮೊದಲು ವಾಟರ್‌ಪ್ರೂಫಿಂಗ್. ಅದರ ಮೇಲೆ ಕುಂಬಾರರಿಂದ ತಂದ ಸಣ್ಣ ಕುಡಿಕೆಗಳನ್ನು ಬೋರಲು ಹಾಕಿ, ಸಂದಿಗೆ ಇಟ್ಟಂಗಿ ಜಲ್ಲಿ ಗಾರೆ ತುಂಬಿ, ಮೇಲೆ ಬಿಳಿ ಟೈಲ್ಸ್ ಚೂರು ಕೂರಿಸಿದೆವು. ಕುಡಿಕೆಯೊಳಗಿನ ಗಾಳಿ ಬಿಸಿ ತಡೆಯುತ್ತೆ, ಬಿಳಿ ಟೈಲ್ಸ್ ಬಿಸಿಲನ್ನು ವಾಪಸ್ ಕಳಿಸುತ್ತೆ. ಬರೀ ಬಿಳಿ ಬಣ್ಣ ಹೊಡೆದಿದ್ದರೆ ಅಗ್ಗ ಆಗ್ತಿತ್ತು. ಆದರೆ ಬೇಸಿಗೆಯಲ್ಲಿ ಇವರೆಲ್ಲ ಮಲಗೋದು ಮೇಲೇ, ಹಾಸಿಗೆ ಎಳೆದಾಡಿ ಬಣ್ಣ ಉಳಿಯಲ್ಲ.

ಯಾವುದು ಮೊದಲು, ಯಾವುದು ಆಮೇಲೆ

ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆ. ಆಗ ಈ ಊರಲ್ಲಿ ಯಾರ ಮನೆಯಲ್ಲೂ ನೆಂಟರಿಲ್ಲದ ಕೋಣೆ ಇರಲ್ಲ. ಜಾತ್ರೆ ಮುಗಿಸಿ, ಮಗ್ಗದ ಮೇಲಿದ್ದ ಹಾಸು, ಅಂದರೆ ಉದ್ದದ ಎಳೆಗಳನ್ನು, ಪೂರ್ತಿ ನೇಯ್ದು ಮುಗಿಸಿದ ಮೇಲೇ ಕೆಲಸ ಶುರು ಅಂತ ಮಾತಾಯಿತು. ಅರ್ಧ ನೇಯ್ದ ಸೀರೆ ಮೇಲೆ ಮಾಳಿಗೆ ಮಣ್ಣಿನ ಧೂಳು ಕೂತರೆ ಆ ಸೀರೆ ಹೋದ ಹಾಗೇ. ಇಡೀ ಮಾಳಿಗೆ ತೆಗೆಯೋದರಿಂದ ಪಟ್ಟಣ ಪಂಚಾಯಿತಿಯಲ್ಲಿ ಪರವಾನಗಿಗೂ ಇದೇ ಹೊತ್ತಲ್ಲಿ ಹಾಕಿದೆವು. ಪಕ್ಕದ ಎರಡೂ ಮನೆಯವರನ್ನು ಕರೆದು ಅವರ ಗೋಡೆಯಲ್ಲಿ ಮೊದಲೇ ಇದ್ದ ಬಿರುಕುಗಳ ಫೋಟೋ ಅವರ ಎದುರೇ ತೆಗೆದುಕೊಂಡೆ. ಆಮೇಲೆ ಜಗಳ ಬರಲ್ಲ.

ಗೋಡೆ ಪಕ್ಕ ಒಂದು ಗುಂಡಿ ತೋಡಿ ಪಾಯವನ್ನೂ ನೋಡಿದೆವು. ನಾಲ್ಕಡಿಗೆ ಗಟ್ಟಿ ಗರಸು ಸಿಕ್ಕಿತು. ಎರೆ ಮಣ್ಣು ಸಿಕ್ಕಿದ್ದರೆ ನಾನು ಸ್ಲ್ಯಾಬ್ ಎತ್ತರಿಸೋ ಮಾತನ್ನೇ ಆಡ್ತಿರಲಿಲ್ಲ. ಎರೆ ನೆನೆದಾಗ ಉಬ್ಬುತ್ತೆ, ಒಣಗಿದಾಗ ಬಿರಿಯುತ್ತೆ, ಮೇಲಿನ ಗೋಡೆಯೂ ಜೊತೆಗೇ ಬಿರಿಯುತ್ತೆ. ಈ ಜಿಲ್ಲೆಯಲ್ಲಿ ಮನೆ ಮಾಡುವವರು ಈ ಒಂದು ಗುಂಡಿಗೆ ಅರ್ಧ ದಿನದ ಕೂಲಿ ಕೊಡೋಕೆ ಹಿಂದೆಮುಂದೆ ನೋಡಬಾರದು.

ಈಗ ಆ ಹಳೇ ಕುಣಿ. ದಾರಿ ತೆಗೆಯುವಾಗ ಮುಂದಿನ ಸ್ಲ್ಯಾಬಿಗೆ ಜಾಕ್, ಅಂದರೆ ಆಧಾರದ ಕಬ್ಬಿಣದ ಕಂಬ, ಕೊಡಬೇಕು, ಗೋಡೆಯಿಂದ ಎರಡಡಿ ದೂರದಲ್ಲಿ ಒಂದು ಸಾಲು. ಆ ಸಾಲು ಬರೋದು ಸರಿಯಾಗಿ ಹಳೇ ಕುಣಿಯ ಮೇಲೆ. ಗೌಂಡಿ ಶಹಾಬಾದ್ ಕಲ್ಲಿನ ಮೇಲೇ ಜಾಕ್ ನಿಲ್ಲಿಸೋಕೆ ಹೊರಟಿದ್ದ. ಸಲಾಕೆಯಿಂದ ಕಲ್ಲು ಎಬ್ಬಿಸಿ ತೋರಿಸಿದೆ. ಕಲ್ಲಿನ ಕೆಳಗೆ ಮುಂಗೈ ಪೂರ್ತಿ ಹೋಗುವಷ್ಟು ಟೊಳ್ಳು. ತುಂಬಿದ ಕಸ ಕೊಳೆತು, ಇಲಿ ಬಗೆದು ಕೆಳಗೆ ಕೂತಿತ್ತು. ಅದರ ಮೇಲೆ ಸ್ಲ್ಯಾಬಿನ ಭಾರ ಬಿದ್ದಿದ್ದರೆ ಕಲ್ಲು ಮುರಿದು ಜಾಕ್ ಕುಸಿಯುತ್ತಿತ್ತು.

ಹಾಗಾಗಿ ಎಲ್ಲಕ್ಕಿಂತ ಮೊದಲ ಕೆಲಸ ಕುಣಿ. ಕಸವನ್ನೆಲ್ಲ ತೆಗೆದು, ಆರಾರು ಇಂಚು ಗರಸು ಹಾಕಿ, ನೀರು ಹೊಡೆದು, ದಮ್ಮಸು ಮಾಡಿ, ಮತ್ತೆ ಆರು ಇಂಚು. ಒಂದೇ ಸಲ ಸುರಿದು ಮೇಲೆ ಮೇಲೆ ಕುಟ್ಟಿದರೆ ಅದು ದಮ್ಮಸು ಅಲ್ಲ, ನಾಟಕ. ಕೊನೆಗೆ ನಾಲ್ಕಿಂಚು ಕಾಂಕ್ರೀಟ್. ಅದು ಗಟ್ಟಿಯಾದ ಮೇಲೆ ಮಾಳಿಗೆ ಮಣ್ಣನ್ನು ಪುಟ್ಟಿಯಲ್ಲಿ ತುಂಬಿ ನಡುವಿನಿಂದ ಅಂಚಿಗೆ ಇಳಿಸಿದೆವು, ಆಮೇಲೆ ಜಂತಿ, ತೊಲೆ. ಈಗ ಗೋಡೆಯ ಮೇಲೆ ಉಳಿದಿದ್ದು ಮುಂದಿನ ಸ್ಲ್ಯಾಬಿನ ಭಾರ ಒಂದೇ. ಜಾಕ್ ಕೊಟ್ಟು, ಕೆಳಗೂ ಮೇಲೂ ದಪ್ಪ ಹಲಗೆ ಇಟ್ಟು, ಕಲ್ಲುಗಳನ್ನು ಮೇಲಿಂದ ಒಂದೊಂದಾಗಿ ಬಿಡಿಸಿದೆವು. ಡ್ರಿಲ್ಲಿಂಗ್ ಮಷಿನ್ ಬೇಡ ಅಂದೆ. ಮಣ್ಣಿನಲ್ಲಿ ಕಟ್ಟಿದ ಗೋಡೆ ಅದರ ನಡುಕಕ್ಕೇ ಸಡಿಲ ಆಗುತ್ತೆ.

ದಾರಿಯ ಎರಡು ಬದಿಗೆ ಒಂದೂವರೆ ಅಡಿ ಚೌಕದ ಕಂಬ, ಸಿಮೆಂಟಿನಲ್ಲಿ. ಅದರ ತಲೆಗೆ ಕಾಂಕ್ರೀಟ್ ದಿಂಬು. ಅದರ ಮೇಲೆ ಎರಡು ಐ ಸೆಕ್ಷನ್ ಉಕ್ಕಿನ ಬೀಮು, 200 ಎಂಎಂ, ಗೋಡೆಯ ಈ ಮುಖಕ್ಕೊಂದು ಆ ಮುಖಕ್ಕೊಂದು. ನಡುವೆ ಬೋಲ್ಟು, ಕಾಂಕ್ರೀಟು. ತುದಿ 9 ಇಂಚು ಕೂತಿದೆ. ದಪ್ಪ ಗೋಡೆಗೆ ನಡುವೆ ಒಂದೇ ಸೆಕ್ಷನ್ ಇಟ್ಟರೆ ಅಂಚಿನ ಕಲ್ಲುಗಳಿಗೆ ಆಧಾರ ಇರಲ್ಲ. ಆಮೇಲೆ ನಾಲ್ಕೂ ಗೋಡೆಯ ತಲೆಗೆ ಕಾಂಕ್ರೀಟ್ ಬೆಲ್ಟ್, ಅದರ ಮೇಲೆ 9 ಇಂಚಿನ ಇಟ್ಟಂಗಿ ಗೋಡೆ, ಮೇಲೆ ಸ್ಲ್ಯಾಬ್. ಮಾರ್ಚ್ ಬಿಸಿಲಿಗೆ ಏಳು ದಿನದ ಕ್ಯೂರಿಂಗ್ ಸಾಲದು. ಸ್ಲ್ಯಾಬ್ ಮೇಲೆ ಮಣ್ಣಿನ ಕಟ್ಟೆ ಕಟ್ಟಿ 14 ದಿನ ನೀರು ನಿಲ್ಲಿಸಿದೆವು. ನಳದ ನೀರು ದಿನಾ ಬರಲ್ಲ ಅಲ್ವಾ, ಟ್ಯಾಂಕರ್ ದುಡ್ಡನ್ನು ಎಸ್ಟಿಮೇಟಿನಲ್ಲೇ ಸೇರಿಸಿದ್ದೆ.

ಅಜ್ಜಿಯ ಬಚ್ಚಲು

ಈ ಮನೆಯಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಸುಖ ಕೊಟ್ಟಿದ್ದು ಇದೇ ಅಂತ ನನ್ನ ಅಭಿಪ್ರಾಯ. ಸಾಮಾನಿನ ಕೋಣೆ 5 ಅಡಿಗೆ 7 ಅಡಿ ಇತ್ತು. ಅದನ್ನೇ ಬಚ್ಚಲು, ಪಾಯಿಖಾನೆ ಮಾಡೋಣ ಅಂದೆ. ಅಜ್ಜಿಗೇ ಬೇಕಾಗಿದ್ದು, ಆದರೆ ಮೊದಲು ಬೇಡ ಅಂದಿದ್ದೂ ಅಜ್ಜಿಯೇ. ದೇವರ ಕೋಣೆ ಪಕ್ಕ ಪಾಯಿಖಾನೆಯಾ? ಮಡಿ ವಿಷಯದಲ್ಲಿ ನಾನು ವಾದ ಮಾಡಲ್ಲ, ಗೆಲ್ಲೋದೂ ಇಲ್ಲ. ದೇವರ ಕೋಣೆಗೂ ಇದಕ್ಕೂ ನಡುವೆ ಎರಡಡಿ ಆಳದ ಗೋಡೆ ಕಪಾಟು ಬರೋ ಹಾಗೆ ಮಾಡಿ, ಬಾಗಿಲನ್ನು ಹಿತ್ತಲ ಕಡೆಯ ಓಣಿಗೆ ತಿರುಗಿಸಿದೆ. ಕಪಾಟಿಗೆ ಹೋದ ಎರಡಡಿಯನ್ನು ಹಿತ್ತಲ ಕಡೆ ಗೋಡೆ ಸರಿಸಿ ವಾಪಸ್ ಪಡೆದೆವು. ಸಾಮಾನಿಗೂ ಜಾಗ ಆಯಿತು.

ಬಾಗಿಲು 32 ಇಂಚು. ಬಚ್ಚಲಿಗೆ ಎಲ್ಲರೂ 27 ಇಂಚಿನ ರೆಡಿಮೇಡ್ ಬಾಗಿಲು ತರುತ್ತಾರೆ. ನಾಳೆ ವಾಕರ್ ಹಿಡಿದು ಹೋಗಬೇಕಾದರೆ ಅದರಲ್ಲಿ ತೂರೋಕೆ ಆಗಲ್ಲ. ಬಾಗಿಲು ಹೊರಗೆ ತೆರೆಯುತ್ತೆ, ಒಳಗೆ ಯಾರಾದರೂ ಬಿದ್ದರೆ ಬಾಗಿಲಿಗೆ ಅಡ್ಡ ಆಗಬಾರದು. ಹೊಸ್ತಿಲು ಅರ್ಧ ಇಂಚು ಅಷ್ಟೇ. ಕಮೋಡಿನ ಪಕ್ಕದ ಹಿಡಿಕೆಯನ್ನು ಅಜ್ಜಿಯನ್ನೇ ಕುರ್ಚಿಯಲ್ಲಿ ಕೂರಿಸಿ, ಏಳುವಾಗ ಅವರ ಕೈ ಎಲ್ಲಿಗೆ ಹೋಗುತ್ತೋ ಅಲ್ಲಿ ಗುರುತು ಹಾಕಿ ಕೂರಿಸಿದ್ದು. ನೆಲಕ್ಕೆ ನುಣುಪಿಲ್ಲದ ಟೈಲ್ಸ್. 4 ಇಂಚಿನ ಪೈಪಿಗೆ ನಲವತ್ತಡಿಗೆ ಒಂದಡಿ ಇಳಿಜಾರು ಕೊಟ್ಟು ಹಿತ್ತಲಿನ ಹಳೇ ಚೇಂಬರಿಗೇ ಸೇರಿಸಿದೆವು.

ಬಜೆಟ್ಟಿನಲ್ಲಿ ಕತ್ತರಿ ಬಿದ್ದಿದ್ದು ಪಿಒಪಿಗೆ, ಟಿವಿ ಗೋಡೆಯ ಅಲಂಕಾರಕ್ಕೆ, ಓಪನ್ ಕಿಚನ್ನಿಗೆ. ಕೊನೆಯದಕ್ಕೆ ಸೊಸೆಯೇ ತಲೆ ಅಲ್ಲಾಡಿಸಿದರು. ಮೆಣಸಿನಕಾಯಿ ಒಗ್ಗರಣೆಯ ಘಾಟು ನೂಲಿಗೂ ಹಿಡಿಯುತ್ತೆ, ಅಜ್ಜಿಗೆ ಕೆಮ್ಮೂ ಬರುತ್ತೆ. ಅಲ್ಲಿದ್ದದ್ದು ನಾಲ್ಕೂವರೆ ಇಂಚಿನ ಅಡ್ಡಗೋಡೆ. ಅದರಲ್ಲಿ ತಾಟು ದಾಟಿಸೋಕೆ ಒಂದು ಕಿಂಡಿ ತೆಗೆದೆವು. ನಳದಿಂದ ಕೊಡ ಹೊರೋ ಕೆಲಸಕ್ಕೆ ಕಟ್ಟೆ ಪಕ್ಕ ಒಂದು ಸಂಪು, ಸಣ್ಣ ಮೋಟಾರು, ಅಡುಗೆಮನೆ ತನಕ ಪೈಪು. ಇದು ಮಗನ ಪಟ್ಟಿಯಲ್ಲಿ ಇರಲೇ ಇಲ್ಲ. ಪಿಒಪಿಗೆ ಇಟ್ಟಿದ್ದ ದುಡ್ಡಿನಲ್ಲಿ ಆಯಿತು.

ಮೊದಲ ಬೇಸಿಗೆ ಕಳೆದ ಮೇಲೆ ಹೋಗಿ ನೋಡಿದೆ. ಪಡಸಾಲೆಯಲ್ಲಿ ಹಗಲು ದೀಪ ಹಾಕ್ತಿಲ್ಲ. ಹಳೇ ಮಾಳಿಗೆಯಷ್ಟು ತಂಪಿಲ್ಲ, ಅದು ನಿಜ, ಮನೆಯವರೂ ಹಾಗೇ ಹೇಳಿದರು. ಆದರೆ ರಾತ್ರಿ ಬೇಗ ಆರುತ್ತೆ. ಹಳೇ ಬರೀ ಸ್ಲ್ಯಾಬಿನ ಮಗ್ಗದ ಕೋಣೆಯೇ ಈಗ ಮನೆಯಲ್ಲೆಲ್ಲ ಬಿಸಿ, ಅದಕ್ಕೂ ಬಿಳಿ ಟೈಲ್ಸ್ ಹಾಕಿಸಬೇಕು ಅಂತ ಯಜಮಾನರು ಶುರು ಮಾಡಿದ್ದಾರೆ. ಬೆಳಕಿಂಡಿಯಿಂದ ಧೂಳು ಬರುತ್ತೆ ಅನ್ನೋದು ಸೊಸೆಯ ದೂರು, ಅದೂ ಸರಿ. ಜಾಲರಿ ಹಾಕಿದ್ದೇವೆ, ಆದರೆ ಅದನ್ನು ಒರೆಸೋಕೆ ತಾರಸಿಗೆ ಹತ್ತಬೇಕು, ಹತ್ತೋಕೆ ಇರೋದು ಹಿತ್ತಲಿನ ಹಳೇ ಕಲ್ಲು ಮೆಟ್ಟಿಲು. ಒಂದೊಂದು ಮೆಟ್ಟಿಲು ಹತ್ತು ಇಂಚು ಎತ್ತರ, ಪಾದ ಪೂರ್ತಿ ಊರೋಕೆ ಜಾಗ ಇಲ್ಲ. ಮುಂದಿನ ಕೆಲಸ ಅದೇ. ಏಳಿಂಚು ಎತ್ತರ, ಹತ್ತಿಂಚು ಅಗಲ ಇಟ್ಟರೆ ಮುಂದಿನ ತಾರಸಿಯ ಹತ್ತೂವರೆ ಅಡಿಗೆ 18 ಮೆಟ್ಟಿಲು ಬೇಕು. ನೇರ ಹಾಕಿದರೆ ಹಿತ್ತಲು ಸಾಲಲ್ಲ, ನಡುವೆ ತಿರುವು ಕೊಡಬೇಕು. ಅದಕ್ಕೆ ಹಳೇ ಬಚ್ಚಲಿನ ಜಾಗ ಬಿಟ್ಟುಕೊಟ್ಟಿದ್ದಾರೆ, ಮಾಳಿಗೆಯಿಂದ ಇಳಿಸಿದ ಸಾಗವಾನಿ ತೊಲೆಗಳಲ್ಲಿ ಗಟ್ಟಿ ಉಳಿದ ಭಾಗವನ್ನು ಮಾರಿ ಬಂದ ದುಡ್ಡನ್ನೂ ಅದಕ್ಕೇ ಅಂತ ಎತ್ತಿಟ್ಟಿದ್ದಾರೆ.